ನಾಲ್ಕೂಮುಕ್ಕಾಲು ಸೆಕೆಂಡು

ಬ್ರೆಮೆನ್ನಿನ ಗೋಪುರದೊಳಗೊಂದು ಕೊಳವೆ,
ನೂರಾಹತ್ತು ಮೀಟರು ಉದ್ದ.
ಎರಡು ತಾಸು ಪಂಪು ಗೊರಗುಟ್ಟಿ ಗಾಳಿ ಹೀರಿದ ಮೇಲೆ
ತುದಿಯಿಂದ ಬಿಡುತ್ತಾರೆ ಒಂದು ಪೀಪಾಯಿ;
ಅದರ ಹೊಟ್ಟೆಯಲ್ಲಿ ಗಾಜಿನ ಡಬ್ಬಿ,
ಡಬ್ಬಿಯಲ್ಲಿ ಒಂದು ಚಿಟಿಕೆ ಧೂಳು.

ಬೀಳುವಷ್ಟು ಹೊತ್ತು ಧೂಳಿಗೆ ಭಾರವಿಲ್ಲ.
ನಾಲ್ಕೂಮುಕ್ಕಾಲು ಸೆಕೆಂಡು.
ಊಬ್ಬೊ ಒಂದು ಸೀನು ಸೀನಿ ಮೂಗೊರೆಸಿಕೊಳ್ಳುವಷ್ಟರಲ್ಲಿ
ಮುಗಿಯಿತು.
ಥರ್ಮೋಕೋಲ್ ಕಾಳಿನ ರಾಶಿಯಲ್ಲಿ ಹೂತ ಪೀಪಾಯಿಯನ್ನು
ಬಗೆದು ತೆಗೆಯುವುದು ಅವನ ಕೆಲಸ, ಇಪ್ಪತ್ತೆರಡು ವರ್ಷದಿಂದ.
ಮನೆಗೆ ಹೋದರೂ ಅಂಗಿಯ ತೋಳಲ್ಲಿ ಬಿಳಿಕಾಳು.

ಮೇಲಿನ ಕೋಣೆಯಲ್ಲಿ ಡಾಕ್ಟರ್ ಟೋಮ್ಕೆ
ಚಿತ್ರಗಳನ್ನು ನಿಧಾನ ಓಡಿಸುತ್ತಾಳೆ:
ಕಣ ಕಣವನ್ನು ಮುಟ್ಟಿತು, ಅಂಟಿತು.
ಯಾರೂ ಗೋಂದು ಹಚ್ಚಲಿಲ್ಲ.
ಮಂಚದಡಿಯ ಕಸ ತನ್ನಷ್ಟಕ್ಕೆ ಉಂಡೆ ಕಟ್ಟುವ ಹಾಗೆ
ಅರಳೆಯಂಥದೊಂದು ಮುದ್ದೆ.
"ಭೂಮಿಯೂ ಹೀಗೇ ಶುರು," ಎನ್ನುತ್ತಾಳೆ,
"ಬುಧ, ಮಂಗಳ, ಬೇರೆ ಸೂರ್ಯರ ಸುತ್ತ
ಹೆಸರಿಡದ ಎಷ್ಟೋ ಕಲ್ಲುಲೋಕಗಳೂ."

ಹನಿಗೂಡಿದರೆ ಹಳ್ಳ: ಗಾದೆಗೇನು, ಸಲೀಸು.
ಗೋಲಿಯಷ್ಟಾದ ಮೇಲೆ ಅವು ಅಂಟುವುದಿಲ್ಲ.
ತಾಗಿ, ಚಿಮ್ಮಿ, ಮುಖ ತಿರುಗಿಸಿ ಹೋಗುತ್ತವೆ
ಪಾಲಿಗೆ ಕೂತ ದಾಯಾದಿಗಳ ಹಾಗೆ.
ಬಂಡೆಯಷ್ಟಾದರೆ ಇನ್ನೂ ಕಷ್ಟ: ಎದುರಾಗುವ ಅನಿಲ
ವೇಗ ಕಸಿದು, ಸುರುಳಿ ಸುರುಳಿಯಾಗಿ ನೂಕುತ್ತದೆ
ಎಳೆಸೂರ್ಯನ ಬಾಯಿಗೆ.

"ಹಾಗಾದರೆ ನಾವು ನಿಂತಿರುವುದು ಯಾವುದರ ಮೇಲೆ?"
ಕೇಳಿದ ಊಬ್ಬೊ, ತೋಳಿನ ಕಾಳು ಕೊಡವುತ್ತ.
ಅವಳು ಭುಜ ಹಾರಿಸಿದಳು.
ಗೊತ್ತಿರುವುದು ಸ್ವಲ್ಪ; ಆ ಸ್ವಲ್ಪವೂ ಬರೀ ಲೆಕ್ಕದಲ್ಲಿ.

ಸಂಜೆ ವೇಸರ್ ನದಿಯ ಏರಿಯ ಮೇಲೆ ಸೈಕಲ್ಲು.
ಸಮುದ್ರದ ಕಡೆಯ ಗಾಳಿ ಎದೆಗೇ ಕೈಯಿಟ್ಟು ತಳ್ಳುತ್ತದೆ.
ಮುಂದೊಬ್ಬಳು ಹಳದಿ ಕೋಟಿನವಳು; ಅವಳ ಬೆನ್ನ ಮರೆಯಲ್ಲಿ
ಗಾಳಿ ಕೊಂಚ ಸಡಿಲ. ಸೇರಿಕೊಂಡ.
ಅವನ ಹಿಂದೆ ಮೀನಂಗಡಿಯ ಹುಡುಗ, ಆಮೇಲೆ ಇನ್ನಿಬ್ಬರು,
ಯಾರಿಗೆ ಯಾರೂ ಅಲ್ಲ.
ಸೇತುವೆ ಬರುವಷ್ಟರಲ್ಲಿ ಹನ್ನೊಂದು ಜನ.

ಊಬ್ಬೊ ಫಕ್ಕನೆ ಬ್ರೇಕು ಹಿಡಿದ. ಹುಡುಗ ಬೈದ.
ಫೋನಿನಲ್ಲಿ ಟೋಮ್ಕೆ ನಕ್ಕಳು: "ಅದೇ ಆ ಲೆಕ್ಕ!
ಒಂದರ ಮರೆಗೊಂದು ಹರಳು ಸೇರಿ, ಹಿಂಡು ದಟ್ಟವಾಗಿ,
ತನ್ನ ತೂಕಕ್ಕೆ ತಾನೇ ಕುಸಿದರೆ ಬೆಟ್ಟ.
ಆಮೇಲೆ ಬೆಟ್ಟಕ್ಕೆ ಬೆಟ್ಟ ಡಿಕ್ಕಿ,
ಕೋಟಿಗಟ್ಟಲೆ ವರ್ಷ.
ನಾಳೆ ಮೂರು ಸಲ ಬೀಳಿಸುವುದಿದೆ, ಬೇಗ ಬಾ."

ಮನೆಯಲ್ಲಿ ಗೇಶೆ ಪೊರಕೆ ಹಿಡಿದು
ಮಂಚದಡಿಗೆ ಬಗ್ಗಿದ್ದಳು.
"ಇವತ್ತೊಂದು ದಿನ ಬಿಡು," ಎಂದ.
ಅವಳು ಬಿಡಲಿಲ್ಲ.