ನಾಲ್ಕನೇ ಕೂಗು

ಬಿಳಿ ಕೋಟು, ಕೆಂಪು ಪಟ್ಟಿ, ಎದೆಗೆ ಹಿತ್ತಾಳೆ ಬಿಲ್ಲೆ.
ಚಿಂತಾಮಣಿ ಕೋರ್ಟಿನಲ್ಲಿ ನನ್ನ ಕೆಲಸ ಕೂಗುವುದು:
ಇಂಥವರು ಬಿನ್ ಇಂಥವರು, ಇಂಥವಳು ಕೋಂ ಇಂಥವರು,
ಮೂರು ಸಲ. ಓಗೊಡದಿದ್ದರೆ ಬೆಂಚ್ ಕ್ಲಾರ್ಕು ಬರೆದುಕೊಳ್ಳುತ್ತಾನೆ,
ಕೂಗಿಸಲಾಗಿ ಗೈರುಹಾಜರು.

ಕದಿರಪ್ಪನವರು ಮುನಸೀಫರಾಗಿ ಬಂದ ವರ್ಷ
ನನ್ನ ಗಂಟಲು ಇನ್ನೂ ಹಸಿ.
ಮೂರು ಕೂಗಿ ಒಳಗೆ ಬಂದರೆ, ಫೈಲಿನಿಂದ ತಲೆಯೆತ್ತದೆ
"ಇನ್ನೊಂದು ಸಲ ಕೂಗಪ್ಪ" ಅನ್ನುವರು,
"ಬಾಗಿಲಲ್ಲಿ ಬೇಡ, ಹುಣಸೆಮರದ ತನಕ ಹೋಗು."
ಹೋಗುತ್ತಿದ್ದೆ, ಬೈದುಕೊಂಡೇ.
ಅಲ್ಲಿ ಯಾರೋ ಮುದುಕಿ ಬುತ್ತಿಗಂಟು ಬಿಚ್ಚುತ್ತಿರುತ್ತಿದ್ದಳು,
ಆ ಹೆಸರು ತನ್ನದೆಂದು ಹೊಳೆಯದೆ.
ಊರಲ್ಲಿ ಅವಳನ್ನು ಹಾಗೆ ಕರೆದವರೇ ಇಲ್ಲ.
ಕಟಕಟೆ ಹತ್ತಿಸಿದರೆ ಸಾಹೇಬರು ತೆಲುಗಿನಲ್ಲೇ
"ಚೆಪ್ಪವ್ವಾ, ಭಯಮೇಮಿ ಲೇದು."
ಟೈಪಿಸ್ಟು ಕಲ್ಯಾಣಿಬಾಯಿ ಅದನ್ನು ಕನ್ನಡದಲ್ಲಿ ಕುಟ್ಟುವಳು.

ವಕೀಲರು ನಕ್ಕರು. ಕೇಸು ಸಾಗುತ್ತಿಲ್ಲವೆಂದು ಅರ್ಜಿ ಮೇಲೆ ಹೋಯಿತು.
ವರ್ಗವಾಯಿತು.
ಆಮೇಲೆ ಸಿವಿಲ್ ಜಡ್ಜು, ಜಿಲ್ಲಾ ಜಡ್ಜು, ಕೊನೆಗೆ ಹೈಕೋರ್ಟು.
ದಾಖಲೆ ಪೆಟ್ಟಿಗೆ ಹೊತ್ತು ಒಮ್ಮೆ ಹೋದಾಗ ನೋಡಿದೆ:
ಅಲ್ಲಿ ಹೆಸರು ಕೂಗುವವರಿಲ್ಲ.
ಗೋಡೆಯಲ್ಲಿ ಕೆಂಪು ನಂಬರು ಉರಿಯುತ್ತದೆ, ಆರುತ್ತದೆ.
ಅವರು ನಂಬರು ಬಿಟ್ಟು ಬಾಗಿಲು ನೋಡುತ್ತಿದ್ದರು.

ಕಥೆ ಹೇಳಿದ್ದು ಅವರಲ್ಲ, ಶಿರಸ್ತೇದಾರ ಬಷೀರ್ ಸಾಹೇಬರು.
ಮುನಿವೆಂಕಟಪ್ಪ, ಶ್ರೀನಿವಾಸಪುರದ ಕಡೆಯ ಕಲ್ಲು ಒಡೆಯುವವನು,
ಸಿಡಿಮದ್ದು ಎರಡೂ ಕಿವಿ ತಿಂದಿತ್ತು.
ಮನೆ ಜಾಗದ ದಾವೆಗೆ ಒಗೆದ ಅಂಗಿ ತೊಟ್ಟು ಬಂದು
ಕೋರ್ಟಿನ ಮೆಟ್ಟಿಲಲ್ಲೇ ಕೂತಿದ್ದನಂತೆ, ಸಂಜೆಯ ತನಕ.
ಪಕ್ಕದಲ್ಲಿ ಐದು ವರ್ಷದ ಮಗ, ಕಡಲೆಕಾಯಿ ಸುಲಿಯುತ್ತ.
ಮಗನಿಗೆ ಕೇಳಿಸಿತ್ತು, ಮೂರೂ ಸಲ.
ಅಪ್ಪನಿಗೆ ಅಷ್ಟುದ್ದದ ಹೆಸರಿದೆಯೆಂದು
ಅವನಿಗೆ ಗೊತ್ತಿರಲಿಲ್ಲ.

ಹೋದ ಸೋಮವಾರ ಅವರಿಗೇ ಸಮನ್ಸ್,
ಯಾರದೋ ವಿಲ್ಲಿಗೆ ಸಾಕ್ಷಿ ಹಾಕಿದ್ದಕ್ಕೆ.
ಪಟ್ಟಿಯಲ್ಲಿ ನ್ಯಾಯಮೂರ್ತಿ ಇಲ್ಲ, ಘನವೆತ್ತ ಇಲ್ಲ.
ಇದ್ದದ್ದನ್ನು ಕೂಗಿದೆ:
ಕದಿರಪ್ಪ ಬಿನ್ ಮುನಿವೆಂಕಟಪ್ಪಾ...

ಹುಣಸೆಮರ ಹೋಗಿ ಅಲ್ಲೀಗ ಜೆರಾಕ್ಸ್ ಅಂಗಡಿ.
ಅದರ ಬೆಂಚಿನಲ್ಲಿ, ತೊಡೆಯ ಮೇಲೆ ಕೋಲಿಟ್ಟು, ಕೂತಿದ್ದರು.
ಕಣ್ಣು ಮುಚ್ಚಿತ್ತು.
ಎರಡು. ಮೂರು. ಏಳಲಿಲ್ಲ.
ಕಿವಿ ಚೆನ್ನಾಗಿಯೇ ಇದೆ. ಬೆಳಗ್ಗೆ ನನ್ನ ಕೆಮ್ಮು ಕೇಳಿಯೇ
"ಇನ್ನೂ ನೀನೇನಾ?" ಅಂದಿದ್ದರು.

ಒಳಗೆ ಹೊಸ ಜಡ್ಜಮ್ಮ ಪೆನ್ನೆತ್ತಿಯಾಗಿತ್ತು.
ನಾನು ಯಾರನ್ನೂ ಕೇಳದೆ
ಜೆರಾಕ್ಸ್ ಅಂಗಡಿಯ ತನಕ ನಡೆದೆ.