ಕಡಲ ಪಾಲು

ದುರ್ಗದ ಬುಡಕ್ಕೆ ಅಲೆ ಬಡಿಯುತ್ತಿದ್ದ ಕಾಲ.
ತುಪ್ಪದ ಕೊಳದ ಬತ್ತೇರಿಯ ಮೇಲೆ
ರಾತ್ರಿಯೆಲ್ಲ ತುಪ್ಪದ ದೀಪ;
ಅದರ ಕಮಟು ವಾಸನೆ ಹಿಡಿದೇ
ಮಂಜಿನಲ್ಲಿ ದಾರಿ ತಪ್ಪಿದವರು ದಡ ಸೇರುತ್ತಿದ್ದರು.

ನಾನು ಹಡಗಿನ ಕರಣಿಕ, ಸಣ್ಣಬೋಸಯ್ಯ.
ಹುಟ್ಟು ಹಾಕಲು ತೋಳಿಲ್ಲ, ಕತ್ತಿ ಹಿಡಿಯಲು ಎದೆಯಿಲ್ಲ.
ಹುಣಸೆಬೀಜದ ಸರಿ, ಇದ್ದಿಲ ಮಸಿ ಬಳಿದ
ಅರಿವೆಯ ಕಡತ ಒಂದು, ಬಳಪ ನಾಲ್ಕು.
ಇಷ್ಟೇ ನನ್ನ ಆಯುಧ.

ಭೀಮಸಮುದ್ರದ ಪಾಲಕ್ಕ ನಮ್ಮ ಒಡತಿ.
ಎಡಗಿವಿಯ ತುದಿ ಹರಿದಿತ್ತು; ಹೇಗೆ ಹರಿಯಿತೆಂದು
ಕೇಳಿದವನೊಬ್ಬ ಮೂರು ದಿನ ಪಟದ ಕಂಬದ ಮೇಲಿದ್ದ.
ಹೊನ್ನೆಯ ಹಲಗೆ, ಹಿಪ್ಪೆಯ ಎಣ್ಣೆ,
ಕರಿಕಂಬಳಿ ಹನ್ನೆರಡು ಜೋಡಿಸಿ ಹೊಲಿದ ಪಟ.
ತೊಯ್ದರೆ ಅದು ಕುರಿಹಟ್ಟಿಯಂತೆ ನಾರುತ್ತಿತ್ತು,
ನಡುಗಡಲಲ್ಲಿ ಹುಟ್ಟಾಳುಗಳು ಮೂಗರಳಿಸಿ
ಸುಮ್ಮನಾಗುತ್ತಿದ್ದರು.

"ಬರ್ಕೊ ಬೋಸಯ್ಯ," ಅನ್ನುತ್ತಿದ್ದಳು,
"ದೋಚಿದ್ದಕ್ಕೂ ಲೆಕ್ಕ ಬೇಕು ಕಣೋ,
ಲೆಕ್ಕ ತಪ್ಪಿದ್ರೆ ಅದು ಕಳ್ತನ."
ಮೂರು ಪಾಲು: ಕೋಟೆಗೊಂದು, ಹುಟ್ಟಿಗೊಂದು, ಕಡಲಿಗೊಂದು.
ಕಡಲ ಪಾಲನ್ನು ಅಮಾವಾಸ್ಯೆಯ ಕತ್ತಲಲ್ಲಿ
ಅವಳೇ ಸುರಿಯುತ್ತಿದ್ದಳು, ಮಾತಿಲ್ಲದೆ.

ಗಾಜುಹಕ್ಕಿಗಳ ದ್ವೀಪದಲ್ಲಿ ನೂರು ಮೂಟೆ ಮೆಣಸು.
ಉಪ್ಪರಸರ ಬಂದರಿನಲ್ಲಿ ನಾಲಗೆಯಿಲ್ಲದ ಗಂಟೆ,
ಅಲ್ಲಾಡಿಸಿದರೆ ಕೇಳಿದವನ ತಾಯಿಯ ದನಿ.
ಅದು ಮಾತ್ರ ಯಾರಿಗೂ ಪಾಲಿಗೆ ಬೇಡವಾಯಿತು.
ಹೊಗೆಹಲ್ಲಿನ ಮೀನೊಂದು ಹುಟ್ಟು ಕಚ್ಚಿ ಒಯ್ದದ್ದನ್ನೂ
ಖರ್ಚಿಗೆ ಬರೆದೆ.

ಕೊನೆಯದು ಒಂಟಿದೀಪದ ನಡುಗಡ್ಡೆ.
ಓಡಲಿಲ್ಲ ಯಾರೂ; ಇದ್ದವಳೇ ಒಬ್ಬಳು ಮುದುಕಿ,
ಬತ್ತಿ ಹೊಸೆಯುತ್ತಿದ್ದಳು. ಕತ್ತಿ ನೋಡಿ
"ಉಂಡಿದ್ದೀರಾ?" ಅಂದಳು.
ಉಂಡೆವು. ಮುದ್ದೆಯಂಥದೇನೋ, ಬೆಚ್ಚಗಿತ್ತು.
ಉಂಡೆದ್ದು ಅವಳ ದೀಪ ಕಿತ್ತುಕೊಂಡೆವು:
ಆರದ ದೀಪ, ಆಳುದ್ದ, ಹಸಿರುಗಟ್ಟಿದ ಕಂಚು.
ಪಾಲಕ್ಕ ಎಂಜಲುಗೈಯಲ್ಲೇ ಅದನ್ನು ಹೊತ್ತಳು.
ಜಮಾ: ದೀಪ ಒಂದು.

ನಮ್ಮ ಹಿಂದೆ ಬರುತ್ತಿದ್ದವು ನಮ್ಮವೇ ಎರಡು ದೋಣಿ.
ಆ ದೀಪ ನೋಡಿ ಬಂಡೆ ತಪ್ಪಿಸಬೇಕಿತ್ತು ಅವು.
ದೀಪವೋ, ನಮ್ಮ ಹಡಗಿನ ಹೊಟ್ಟೆಯಲ್ಲಿ
ಕಂಬಳಿ ಹೊದ್ದು ಉರಿಯುತ್ತಿತ್ತು.
ಸದ್ದು ಕೇಳಿತು. ಮಡಕೆ ಒಡೆದಷ್ಟೇ ಸದ್ದು.

ಖರ್ಚು: ಗಾದ್ರಪ್ಪ, ದೊಡ್ಡಬೋರ, ಚಿನ್ನಪಾಲ,
ಕುಂಟ ತಿಪ್ಪಯ್ಯ, ಅವನ ಮಗ,
ಪಾಲಕ್ಕನ ಒಡಹುಟ್ಟಿದ ಓಬಯ್ಯ...
ಹತ್ತೊಂಬತ್ತು ಹೆಸರಿಗೆ ಎರಡು ಬಳಪ ಸವೆಯಿತು,
ಕೈ ನಡುಗಿ ಒತ್ತಿ ಬರೆದೆನೋ ಏನೋ.
ಅವಳು ಬಂದು ನಿಂತಳು. "ಒರೆಸು."
"ಯಾವುದನ್ನ ಒಡತಿ? ಜಮೆಯನ್ನೋ, ಖರ್ಚನ್ನೋ?"
ಉತ್ತರ ಹೇಳದೆ ಹರಿದ ಕಿವಿ ಸವರಿಕೊಂಡಳು.

ದುರ್ಗದ ತಲೆ ಕಾಣಿಸಿದ ಬೆಳಗು
ಹರಿಗೋಲು ಇಳಿಸಿದಳು, ದೀಪ ಇಟ್ಟಳು,
ಮಗುವನ್ನು ಕೂರಿಸಿದಂತೆ ತೊಡೆಗೆ ಒರಗಿಸಿ.
"ಇದು ಯಾರ ಪಾಲು ಅಂತ ಬರೀಲಿ?"
"ಬಂದ್ಮೇಲೆ ಬರ್ಕೊ."
ಹರಿಗೋಲು ಗಿರಗಿರ ತಿರುಗುತ್ತ ಹೋಯಿತು,
ಒಮ್ಮೆ ಅವಳ ಮುಖ, ಒಮ್ಮೆ ಬೆನ್ನು,
ಒಮ್ಮೆ ಮುಖ.

ಆಮೇಲೆ ಕಡಲು
ಉಂಡು ಎದ್ದ ನೆಂಟನ ಹಾಗೆ
ಒಂದೊಂದೇ ಹೆಜ್ಜೆ ಹಿಂದೆ ಸರಿಯಿತು.
ಅವಸರದಲ್ಲಿ ಬಿಟ್ಟುಹೋದ ಅಲೆಗಳು
ಎದ್ದಲ್ಲೇ, ಬಾಗಿದಲ್ಲೇ, ಒಂದರ ಮೇಲೊಂದು ಬಿದ್ದಲ್ಲೇ
ಕಲ್ಲಾದವು.
ಬತ್ತೇರಿಯಲ್ಲಿ ತುಪ್ಪ ಸುರಿದೆವು ಮೂರು ವರ್ಷ,
ಆಮೇಲೆ ತುಪ್ಪಕ್ಕೂ ಬೆಲೆ ಬಂತು.

ಈಗ ಜೋಗಿಮಟ್ಟಿಯ ಇಳಿಜಾರಿನಲ್ಲಿ
ಮೇಕೆಗಳು ಹುಲ್ಲು ಬಿಟ್ಟು ಬಂಡೆ ನೆಕ್ಕುತ್ತವೆ.
ಕಾಯುವ ಹುಡುಗಿ ಬೈಯುತ್ತಾಳೆ, ಕಲ್ಲಲ್ಲೇನೈತೆ ನಿಮ್ಗೆ.
ನಾನು ಹೇಳುವುದಿಲ್ಲ.
ಕಡತದ ಕೊನೆಯ ಮಡಿಕೆಯಲ್ಲಿ
ಒಂದು ಸಾಲಿನಷ್ಟು ಕಪ್ಪು ಹಾಗೇ ಇದೆ.
ಬಳಪ ಒಂದು ಉಳಿಸಿಕೊಂಡಿದ್ದೇನೆ,
ಸೊಂಟದಲ್ಲಿ, ಎಲೆಅಡಿಕೆಯ ಚೀಲದಲ್ಲಿ.