ಏನಿಲ್ಲ ಹೇಳಿ

ಶೆಪರ್ಟನ್ನಿನ ಈ ಶಾಲೆಯಲ್ಲಿ ನನ್ನ ಕೆಲಸಕ್ಕೆ
ಸರಿಯಾದ ಹೆಸರಿಲ್ಲ. ಸಹಾಯಕಿ ಅನ್ನುತ್ತಾರೆ.
ಮಂಗಳವಾರ, ಗುರುವಾರ, ಲೈಬ್ರರಿಯ ಹಿಂದಿನ ಕೋಣೆ,
ಏಳು ಮಕ್ಕಳು, ಒಂದು ಬಿಳಿ ಹಲಗೆ,
ನೊಣ ಹೊಡೆಯುವ ಎರಡು ಬ್ಯಾಟು.

ಬ್ಯಾಟು ನೊಣಕ್ಕಲ್ಲ, ಪದಕ್ಕೆ.
ಡಕ್, ಬಕೆಟ್, ಲ್ಯಾಡರ್, ಪೇರ್ ಎಂದು ಹಲಗೆ ತುಂಬ ಬರೆದಿಡುತ್ತೇನೆ.
ನಾನು ಕೂಗಿದ್ದನ್ನು ಮೊದಲು ಹೊಡೆದವರಿಗೆ ಪಾಯಿಂಟು.
ಬಹಾಟಿ ಎಲ್ಲಕ್ಕೂ ಹೊಡೆಯುತ್ತಾನೆ, ಕೂಗುವ ಮೊದಲೇ.
ಹೋದ ವಾರ ಅರ್ಧ ಲ್ಯಾಡರ್ ಅವನ ಅಂಗೈಗೆ ಅಂಟಿಕೊಂಡು
ಬಸ್ಸು ಹತ್ತಿ ಮನೆಗೆ ಹೋಯಿತು.

ಸೈಮನ್ ಹೇಳ್ತಾನೆ, ಮೂಗು ಮುಟ್ಟು, ಎಂದರೆ
ಸೆಫೊ ಮೂಗು ಮುಟ್ಟಿಕೊಂಡೇ ಕೇಳುತ್ತಾನೆ:
'ಮಿಸ್, ಈ ಸೈಮನ್ ಯಾವ ಕ್ಲಾಸು?
ಹಾಜರಿ ಕರೆಯುವಾಗ ಒಂದು ದಿನವೂ ಇಲ್ಲವಲ್ಲ?'
ನನಗೂ ಗೊತ್ತಿಲ್ಲ ಮರಿ. ಕೆಲವು ಯಜಮಾನರು
ಕಾಣಿಸುವುದಿಲ್ಲ, ಹೇಳುತ್ತಿರುತ್ತಾರೆ ಅಷ್ಟೆ.

ಶುಕೂಫಾ ಮಾತ್ರ ಆಡುವುದಿಲ್ಲ.
ಬಂದು ಆರು ವಾರ. ತಲೆಯ ಮೇಲಿನ ಟೋಪಿ ತೆಗೆದಿಲ್ಲ.
ಟೋಪಿ ಇಲ್ಲದಿದ್ದರೆ ಆಟವಿಲ್ಲ ಎಂಬುದು ಅಂಗಳದ ಕಾಯಿದೆ,
ಅವಳದನ್ನು ಒಳಗೂ ಪಾಲಿಸುತ್ತಾಳೆ.
ಅಪ್ಪನಿಗೆ ಹಣ್ಣಿನ ಡಬ್ಬಿ ಕಾರ್ಖಾನೆಯಲ್ಲಿ ರಾತ್ರಿ ಪಾಳಿ.
ಫೈಲಿನಲ್ಲಿ ಭಾಷೆ ಎಂಬಲ್ಲಿ 'ಹಜಾರಗಿ',
ಇಂಗ್ಲಿಷ್ ಎಂಬಲ್ಲಿ ಒಂದು ಅಡ್ಡಗೆರೆ.

ಈ ಗುರುವಾರ ಟ್ರೇ ಆಟ.
ಚಮಚ, ಬೀಗದ ಕೈ, ಬಾಚಣಿಗೆ, ಸಾಬೂನು,
ಗುಂಡಿ, ರಬ್ಬರು, ಮಡಿಸಿದ ಕಾಗದ, ಪೀಚಿನ ಗೊರಟೆ.
ಒಂಬತ್ತನೆಯದು ನನ್ನ ಸ್ವಂತದ್ದು:
ಗದಗಿನ ಸ್ಟೇಷನ್ ರಸ್ತೆಯಲ್ಲಿ ಅಪ್ಪ ಬೆರಳಿಗೆ ತೊಟ್ಟು
ಸಾವಿರ ಅಂಗಿಗೆ ಕಾಜಾ ಹೊಲಿದ ಹಿತ್ತಾಳೆಯ ಪುಟ್ಟ ಟೋಪಿ,
ಮೈತುಂಬ ಚುಕ್ಕಿ, ಸಿಡುಬು ಬಂದು ಹೋದ ಮುಖದ ಹಾಗೆ.
ಇಂಗ್ಲಿಷಿನಲ್ಲಿ ಥಿಂಬಲ್.
ಮಕ್ಕಳ ಬಾಯಲ್ಲಿ ಸಿಂಬಲ್, ತಿಂಬಲ್, ಫಿಂಬಲ್.
ಕನ್ನಡದಲ್ಲಿ
ಏನೋ ಇತ್ತು. ಬೆಳಗಿನಿಂದ ಹುಡುಕುತ್ತಿದ್ದೇನೆ.
ರೌಂಡಬೌಟಿನಲ್ಲಿ ಒಂದು ಸುತ್ತು ಹೆಚ್ಚಿಗೆ ಹಾಕಿ ಹುಡುಕಿದೆ,
ಊರವರು ಬಣ್ಣ ಬಳಿದು ನಿಲ್ಲಿಸಿದ ಗೊಂಬೆ ಹಸುಗಳ ಮುಂದೆ
ಕಾರು ನಿಧಾನ ಮಾಡಿ ಹುಡುಕಿದೆ.
ನಾಲಿಗೆ ತುದಿಗೆ ಬಂದು ಕೂತಿದೆ, ಇಳಿಯುತ್ತಿಲ್ಲ.

ಕಣ್ಣು ಮುಚ್ಚಿ, ಅಂದೆ. ಟವೆಲ್ ಹೊದಿಸಿದೆ.
ಒಂದನ್ನು ತೆಗೆದು ಜೇಬಿಗೆ ಹಾಕಿದೆ.
ಏನಿಲ್ಲ ಹೇಳಿ?
ಸೋಪ್! ಅಂದ ಬಹಾಟಿ. ಸೋಪು ಅವನ ಮೂಗಿನ ಕೆಳಗೇ ಇತ್ತು.
ಬಟನ್, ಅಂದಳು ಟ್ಯೂಟಾ. ಅದೂ ಇತ್ತು.
ಹೊರಗೆ ಬಿನ್ನಿನ ಮುಚ್ಚಳದ ಮೇಲೆ ಕೂತ ಮ್ಯಾಗ್‌ಪೈ
ಎಲ್ಲರ ಪರವಾಗಿ ತಪ್ಪು ಉತ್ತರ ಕೊಡುತ್ತಿತ್ತು.

ಆಗ ಟೋಪಿಯ ಕೆಳಗಿನಿಂದ, ಯಾರಿಗೂ ಅಲ್ಲವೆಂಬಂತೆ:
'ಅಂಗುಶ್ತಾನಾ.'

ಅದು ಇಂಗ್ಲಿಷ್ ಅಲ್ಲವೆಂದು ಮಕ್ಕಳಿಗೆ ತಿಳಿಯಿತು.
ನನ್ನ ಮುಖ ಯಾಕೆ ಹಾಗಾಯಿತೆಂದು ತಿಳಿಯಲಿಲ್ಲ.
'ಯವ್ವಾ, ಅಂಗುಸ್ತಾನ ಕೊಡ ಇಲ್ಲೆ,
ಕತ್ರಿ ಕೆಳಗ ಐತಿ ನೋಡ.'
ಅದೇ. ಅದೇ ಪದ. ಯಾವ ದಂಡಿನ ಹಿಂದೆ ನಡೆದ
ಯಾವ ದರ್ಜಿಯ ಚೀಲದಲ್ಲಿ ಬಂದು
ಗದಗಿನಲ್ಲಿ ಬಾಡಿಗೆ ಮನೆ ಹಿಡಿದಿತ್ತೋ.

ಜೇಬು ಮುಟ್ಟಿ ತೋರಿಸಿದೆ: ಜೇಬು. ಅವಳು: ಜೇಬ್.
ಕಾಗದ. ಕಾಗಜ್. ಮೇಜು. ಮೇಜ್. ಸಾಬೂನು. ಸಾಬುನ್.
ಚಮಚ ಎತ್ತಿದೆ. ಇಲ್ಲ, ತಲೆ ಅಲ್ಲಾಡಿಸಿದಳು,
ಅವಳದು ಬೇರೆ: ಕಾಶೂಕ್.
ಟೋಪಿ ಎರಡು ಬೆರಳಷ್ಟು ಹಿಂದೆ ಸರಿದಿತ್ತು.

'ಮಿಸ್, ಅದು ಲೆಕ್ಕಕ್ಕಿಲ್ಲ, ಇಂಗ್ಲಿಷ್ ಹೇಳಬೇಕು!'
ಬಹಾಟಿ ನಮ್ಮ ನ್ಯಾಯಾಧೀಶ.
ಸರಿ, ಸೈಮನ್‌ನ ಕೇಳೋಣ, ಅಂದೆ.
ಸೈಮನ್ ರಜೆ ಹಾಕಿದ್ದಾನೆ, ಅಂದ ಸೆಫೊ.

ಹಲಗೆಯಲ್ಲಿ ಅವಳ ಹೆಸರಿನ ಮುಂದೆ ಒಂದು ಗೆರೆ ಎಳೆದೆ.
ಕೆಳಗೆ ನನ್ನ ಹೆಸರನ್ನೂ ಬರೆದೆ, ಮುಂದೆ ಸೊನ್ನೆ.

ಈಗ ಟವೆಲ್ ಅವಳ ಕೈಯಲ್ಲಿ.
ಎಲ್ಲರ ಜೊತೆ ನಾನೂ ಕಣ್ಣು ಮುಚ್ಚಿದ್ದೇನೆ.
ಟ್ರೇಯಿಂದ ಏನೋ ಎದ್ದ ಸಣ್ಣ ಸದ್ದು.
ಲೋಹವೋ, ಗೊರಟೆಯೋ.
'ಮಿಸ್, ಬೆರಳ ಸಂದಿಯಿಂದ ನೋಡಬೇಡಿ.'